ಅಳಿಸಿದ ಪದ, ಎತ್ತಿಕೊಂಡ ಪದ: ಚೀನಾದ ಮಾತಿನೊಳಗೆ ಏನು ನಡೆಯುತ್ತಿದೆ?

2020ರ ಮಾರ್ಚ್ 10ರಂದು ಚೀನಾದ 'ರೆನ್‌ವು' ಎಂಬ ಪತ್ರಿಕೆ ವೈದ್ಯೆ ಐ ಫೆನ್ ಅವರ ಸಂದರ್ಶನವನ್ನು ಅಂತರ್ಜಾಲಕ್ಕೆ ಹಾಕಿತು. ಅವರು ವುಹಾನ್ ಸೆಂಟ್ರಲ್ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದ ಮುಖ್ಯಸ್ಥೆ. 2019ರ ಡಿಸೆಂಬರ್ 30ರಂದು ಒಬ್ಬ ರೋಗಿಯ ಲ್ಯಾಬ್ ವರದಿ ಅವರ ಕೈಗೆ ಬಂದಿತ್ತು. ಅದರಲ್ಲಿದ್ದ 'ಸಾರ್ಸ್ ಕೊರೊನಾವೈರಸ್' ಎಂಬ ಪದಗಳಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪರಿಚಯದ ಇನ್ನೊಬ್ಬ ವೈದ್ಯರಿಗೆ ಕಳಿಸಿದ್ದರು. ಅದು ಕೈಯಿಂದ ಕೈಗೆ ದಾಟಿ ಅದೇ ಆಸ್ಪತ್ರೆಯ ಕಣ್ಣಿನ ಡಾಕ್ಟರ್ ಲಿ ವೆನ್‌ಲಿಯಾಂಗ್ ಅವರಿಗೆ ತಲುಪಿತು. ಐ ಫೆನ್ ಅವರನ್ನು ಆಸ್ಪತ್ರೆಯವರು ಕರೆಸಿ ಬೈದರು. ಇದೆಲ್ಲವನ್ನೂ ಅವರು ಸಂದರ್ಶನದಲ್ಲಿ ಬಿಚ್ಚಿ ಹೇಳಿದ್ದರು. ತಾನು ಸೀಟಿ ಊದಿ ಎಚ್ಚರಿಸಿದವಳಲ್ಲ, ಊದುವವರಿಗೆ ಸೀಟಿ ಹಂಚಿದವಳು ಎಂದಿದ್ದರು. ಕೆಲವೇ ಗಂಟೆಗಳಲ್ಲಿ ಆ ಸಂದರ್ಶನ ಮಾಯವಾಯಿತು.

ಓದಿದವರು ಸುಮ್ಮನಿರಲಿಲ್ಲ. ಪ್ರತಿ ಉಳಿಸಿಕೊಂಡಿದ್ದವರು ಮತ್ತೆ ಹಾಕಿದರು. ಅದನ್ನೂ ಅಳಿಸಲಾಯಿತು. ಆಗ ಯಾರೋ ಇಡೀ ಲೇಖನವನ್ನು ಕೊನೆಯ ಅಕ್ಷರದಿಂದ ಮೊದಲಿನವರೆಗೆ ಹಿಂದುಮುಂದಾಗಿ ಬರೆದು ಹಾಕಿದರು. ಇನ್ಯಾರೋ ರೋಮನ್ ಅಕ್ಷರಗಳಲ್ಲಿ ಹಾಕಿದರು, ಮತ್ಯಾರೋ ಎಮೋಜಿಗಳಲ್ಲಿ. ಮೋರ್ಸ್ ಕೋಡ್‌ನ ಚುಕ್ಕಿ ಗೆರೆಗಳಲ್ಲಿ ಬಂತು. ಮೂರು ಸಾವಿರ ವರ್ಷಗಳ ಹಿಂದೆ ಆಮೆಯ ಚಿಪ್ಪಿನ ಮೇಲೆ, ದನದ ಎಲುಬಿನ ಮೇಲೆ ಕೊರೆಯುತ್ತಿದ್ದ ಹಳೇ ಲಿಪಿಯಲ್ಲೂ ಬಂತು. ಇವುಗಳಲ್ಲಿ ಎಷ್ಟೋ ಪ್ರತಿಗಳನ್ನು ಯಾರೂ ಸಲೀಸಾಗಿ ಓದಲಾರರು. ಆದರೂ ಜನ ಹಂಚಿದರು. ನೀವು ಅಳಿಸಿದ್ದು ನಮಗೆ ಗೊತ್ತಿದೆ ಅಂತ ಹೇಳುವುದೇ ಅವರಿಗೆ ಮುಖ್ಯವಾಗಿತ್ತು.

ಚೀನಾದ ಸೆನ್ಸಾರ್ ಬಗ್ಗೆ ನಾವು ಓದುವ ಬರಹಗಳು ಹೆಚ್ಚಾಗಿ ಇಂಥ ಜಾಣತನದ ಕಥೆಗಳಿಗೇ ನಿಂತುಬಿಡುತ್ತವೆ. ಕಥೆ ಸುಳ್ಳಲ್ಲ. ಆದರೆ ಅರ್ಧ ಮಾತ್ರ. ಅಲ್ಲಿ ಒಂದು ಪದ ಹುಟ್ಟಿ ಬಾಯಿಂದ ಬಾಯಿಗೆ ಹರಡಿದ ಮೇಲೆ ಅದಕ್ಕೆ ಎರಡು ಗತಿಯುಂಟು. ಕೆಲವನ್ನು ಅಳಿಸುತ್ತಾರೆ. ಇನ್ನು ಕೆಲವನ್ನು ಸರ್ಕಾರವೇ ಎತ್ತಿಕೊಂಡು, ಅರ್ಥ ಬದಲಿಸಿ, ತನ್ನ ಭಾಷಣಕ್ಕೆ ಸೇರಿಸಿಕೊಳ್ಳುತ್ತದೆ. ಮೊದಲನೆಯದು ಸುದ್ದಿಯಾಗುತ್ತದೆ. ಎರಡನೆಯದು ಸದ್ದಿಲ್ಲದೆ ನಡೆಯುತ್ತದೆ. ನನ್ನ ಪ್ರಕಾರ ಜನರ ಮೇಲೆ ಜಾಸ್ತಿ ಪರಿಣಾಮ ಬೀರುವುದು ಎರಡನೆಯದೇ.

ಮೊದಲು ಭಾಷೆಯ ಗುಣ ನೋಡೋಣ. ಮ್ಯಾಂಡರಿನ್‌ನಲ್ಲಿ ಇರುವುದು ಸುಮಾರು 400 ಉಚ್ಚಾರದ ತುಣುಕುಗಳು. ಸ್ವರದ ಏರಿಳಿತ ಸೇರಿಸಿಕೊಂಡರೂ 1300ರ ಆಸುಪಾಸು. ಬರೆಯುವ ಅಕ್ಷರಗಳು ಸಾವಿರಾರು. ಹಾಗಾಗಿ ಒಂದೇ ಉಚ್ಚಾರಕ್ಕೆ ಹತ್ತಾರು ಅಕ್ಷರಗಳು ಬೀಳುತ್ತವೆ. ಭಾಷಾತಜ್ಞ ಜಾವೊ ಯುಆನ್‌ರೆನ್ ಇದನ್ನು ತೋರಿಸಲೆಂದೇ ಸಿಂಹ ತಿನ್ನುವ ಕವಿಯೊಬ್ಬನ ಪುಟ್ಟ ಕಥೆ ಬರೆದರು. ಅದರ ಪ್ರತಿಯೊಂದು ಅಕ್ಷರದ ಉಚ್ಚಾರವೂ 'ಶಿ', ಬದಲಾಗುವುದು ಸ್ವರ ಮಾತ್ರ. ಕಾಗದದ ಮೇಲೆ ಓದಿದರೆ ಕಥೆ ಅರ್ಥವಾಗುತ್ತದೆ, ಕಿವಿಗೆ ಬಿದ್ದರೆ ಏನೂ ತಿಳಿಯುವುದಿಲ್ಲ.

ಇದು ಅಲ್ಲಿನ ಮನೆಮನೆಯ ಬದುಕಿನಲ್ಲಿ ಬೆರೆತುಹೋಗಿದೆ. ಹೊಸವರ್ಷದ ಊಟಕ್ಕೆ ಮೀನು ಬೇಕೇ ಬೇಕು, ಏಕೆಂದರೆ ಮೀನು ಮತ್ತು 'ಮಿಗುವುದು' ಎರಡರ ಉಚ್ಚಾರವೂ ಒಂದೇ. ಗಡಿಯಾರವನ್ನು ಯಾರೂ ಉಡುಗೊರೆ ಕೊಡುವುದಿಲ್ಲ, ಹಾಗೆ ಹೇಳಿದರೆ ಸಾಯುವವರ ಕೊನೆಗಾಲಕ್ಕೆ ಜೊತೆಯಿರುವುದು ಎಂದೂ ಕೇಳಿಸುತ್ತದೆ. ನಾಲ್ಕು ಎಂಬ ಅಂಕಿ ಸಾವಿನ ಹಾಗೆ ಕೇಳುತ್ತದೆಂದು ಎಷ್ಟೋ ಕಟ್ಟಡಗಳ ಲಿಫ್ಟಿನಲ್ಲಿ ನಾಲ್ಕನೇ ಮಹಡಿಯೇ ಇರುವುದಿಲ್ಲ. ಈ ಅಭ್ಯಾಸಕ್ಕೆ ಫೋನು ಕಂಪ್ಯೂಟರ್ ಇನ್ನಷ್ಟು ಅನುಕೂಲ ಮಾಡಿಕೊಟ್ಟವು. ಚೀನೀಯರು ಟೈಪ್ ಮಾಡುವಾಗ ಸಾಮಾನ್ಯವಾಗಿ ಉಚ್ಚಾರವನ್ನು ರೋಮನ್ ಅಕ್ಷರದಲ್ಲಿ ಒತ್ತುತ್ತಾರೆ. ಪರದೆಯ ಮೇಲೆ ಅದೇ ಉಚ್ಚಾರದ ಅಕ್ಷರಗಳು ಸಾಲಾಗಿ ಬರುತ್ತವೆ, ಬೇಕಾದ್ದನ್ನು ಆರಿಸಿಕೊಳ್ಳಬೇಕು. ನಿಷೇಧವಾದ ಪದದ ಬದಲು ಅದೇ ಉಚ್ಚಾರದ ಬೇರೆ ಪದ ಆರಿಸುವುದಕ್ಕೆ ಒಂದು ಕ್ಷಣ ಸಾಕು.

ಹೂ ಜಿಂಟಾವೊ ಅಧಿಕಾರದಲ್ಲಿದ್ದಾಗ, 2004ರಿಂದ, 'ಸಾಮರಸ್ಯದ ಸಮಾಜ' ಎಂಬುದು ಸರ್ಕಾರದ ದೊಡ್ಡ ಘೋಷಣೆಯಾಯಿತು. ಬರಹಗಳು ಅಳಿಸಿಹೋದಾಗ ಜನ 'ನನ್ನ ಬರಹಕ್ಕೆ ಸಾಮರಸ್ಯ ಮಾಡಿಬಿಟ್ಟರು' ಎನ್ನತೊಡಗಿದರು. ಆ ಮಾತಿನ ಮೇಲೂ ಕಣ್ಣುಬಿತ್ತು. ಆಗ ಸಾಮರಸ್ಯದ ಬದಲು, ಹೆಚ್ಚುಕಡಿಮೆ ಅದೇ ಉಚ್ಚಾರದ 'ನದಿ ಏಡಿ' ಬಂತು. ಕೆಲವರು ಆ ಏಡಿಗೆ ಮೂರು ಕೈಗಡಿಯಾರ ಕಟ್ಟಿದ ಚಿತ್ರ ಮಾಡಿದರು. 'ಮೂರು ಗಡಿಯಾರ ಕಟ್ಟಿಕೊಂಡ' ಎಂಬ ಮಾತು ಹಿಂದಿನ ನಾಯಕ ಜಿಯಾಂಗ್ ಜೆಮಿನ್ ಅವರ 'ಮೂರು ಪ್ರಾತಿನಿಧ್ಯ' ಸಿದ್ಧಾಂತದ ಹೆಸರಿನಂತೆಯೇ ಕೇಳುತ್ತದೆ. ಹೀಗೆ ಇಬ್ಬರು ನಾಯಕರ ಘೋಷಣೆಗಳು ಒಂದು ಏಡಿಯೊಳಗೆ ಸೇರಿಕೊಂಡವು.

ಸರ್ಕಾರಕ್ಕೆ ಇದು ಗೊತ್ತಿಲ್ಲ ಎಂದುಕೊಳ್ಳಬಾರದು. 2014ರ ನವೆಂಬರ್‌ನಲ್ಲಿ ಪತ್ರಿಕೆ, ರೇಡಿಯೋ, ಟಿವಿಗಳ ಮೇಲ್ವಿಚಾರಣೆಯ ಇಲಾಖೆ ಒಂದು ಆದೇಶ ಹೊರಡಿಸಿತು. ನುಡಿಗಟ್ಟುಗಳ ಅಕ್ಷರ ಬದಲಿಸಿ ಶ್ಲೇಷೆ ಮಾಡಬಾರದು, ಮಕ್ಕಳ ದಾರಿ ತಪ್ಪುತ್ತದೆ ಎಂದಿತು. ಕೊಟ್ಟ ಉದಾಹರಣೆಗಳು ತೀರಾ ಸಾಧು. ಶಾನ್‌ಶಿ ಪ್ರಾಂತ್ಯದ ಪ್ರವಾಸೋದ್ಯಮದ ಜಾಹೀರಾತು ಒಂದು, ಕೆಮ್ಮಿನ ಔಷಧಿಯದ್ದು ಇನ್ನೊಂದು. 2022ರ ಜುಲೈನಲ್ಲಿ ವೀಬೊ ಜಾಲತಾಣ ಒಂದೇ ಉಚ್ಚಾರದ ಬದಲಿ ಅಕ್ಷರಗಳ ಮೇಲೆ ಕ್ರಮ ತೆಗೆದುಕೊಳ್ಳುವುದಾಗಿ ಹೇಳಿತು. 2024ರ ಅಕ್ಟೋಬರ್‌ನಲ್ಲಿ ಅಂತರ್ಜಾಲದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೈಬರ್ ಆಡಳಿತ ಮತ್ತು ಶಿಕ್ಷಣ ಸಚಿವಾಲಯ ಸೇರಿ, ಅಂತರ್ಜಾಲದ ಭಾಷೆಯನ್ನು ಶುದ್ಧ ಮಾಡುವ ಅಭಿಯಾನವನ್ನೇ ಶುರು ಮಾಡಿದವು.

ಅಳಿಸುವ ಕೆಲಸ ನಡೆಯುವ ರೀತಿಯೂ ಗಮನಿಸಬೇಕಾದ್ದು. ಎಲ್ಲವನ್ನೂ ಅಧಿಕಾರಿಗಳೇ ಕೂತು ಅಳಿಸುವುದಿಲ್ಲ. ಬಳಕೆದಾರರು ಬರೆದದ್ದಕ್ಕೆ ಕಂಪನಿಗಳೇ ಜವಾಬ್ದಾರಿ ಎಂದು ಕಾನೂನು ಹೇಳುತ್ತದೆ. ಹಾಗಾಗಿ ಕಂಪನಿಗಳು ತಮ್ಮದೇ 'ಸೂಕ್ಷ್ಮ ಪದ'ಗಳ ಪಟ್ಟಿ ಇಟ್ಟುಕೊಂಡು, ದಂಡದ ಭಯಕ್ಕೆ ಬೇಕಾದ್ದಕ್ಕಿಂತ ಜಾಸ್ತಿಯೇ ಅಳಿಸುತ್ತವೆ. 2018ರ ಫೆಬ್ರವರಿಯಲ್ಲಿ ಅಧ್ಯಕ್ಷರ ಎರಡು ಅವಧಿಯ ಮಿತಿ ತೆಗೆಯುವ ಪ್ರಸ್ತಾಪ ಬಂದಾಗ, ವೀಬೊದಲ್ಲಿ 'ಪಟ್ಟಕ್ಕೇರು' ಎಂಬ ಮಾತನ್ನು ತಡೆದರು. 'ನನಗೆ ಒಪ್ಪಿಗೆಯಿಲ್ಲ' ಎಂಬುದನ್ನೂ ತಡೆದರು. ಗಣರಾಜ್ಯವಾದ ಮೇಲೆ ಚಕ್ರವರ್ತಿಯಾಗಲು ಹೊರಟಿದ್ದ ಯುಆನ್ ಶಿಕಾಯ್ ಹೆಸರು ಹೋಯಿತು. ಸ್ವಲ್ಪ ಹೊತ್ತು 'ಎನ್' ಎಂಬ ಇಂಗ್ಲಿಷ್ ಅಕ್ಷರವೂ ಹೋಯಿತು. 'ನನಗೆ ಒಪ್ಪಿಗೆಯಿಲ್ಲ' ಎಂಬುದರಲ್ಲಿ ಯಾವ ಶ್ಲೇಷೆಯೂ ಇಲ್ಲ, ಅಲ್ವಾ? ಬೈಗುಳವೂ ಇಲ್ಲ. ಹೋಟೆಲಿನಲ್ಲಿ ಬಿಲ್ ತಪ್ಪಾದರೂ ಆಡುವ ಮಾತು ಅದು.

ಸಾದಾ ಮಾತಿಗೆ ಶ್ಲೇಷೆಗಿಂತ ಬಲ ಜಾಸ್ತಿ ಎಂದು ನನಗೆ ಮನದಟ್ಟಾದದ್ದು ಲಿ ವೆನ್‌ಲಿಯಾಂಗ್ ಅವರ ಕಾಗದದಿಂದ. ಆ ಲ್ಯಾಬ್ ವರದಿಯ ಸುದ್ದಿಯನ್ನು ಅವರು ತಮ್ಮ ಸಹಪಾಠಿ ವೈದ್ಯರಿಗೆ ತಿಳಿಸಿ ಎಚ್ಚರಿಸಿದ್ದರು. ಅದಕ್ಕೆ 2020ರ ಜನವರಿ 3ರಂದು ವುಹಾನ್ ಪೊಲೀಸರು ಅವರನ್ನು ಠಾಣೆಗೆ ಕರೆಸಿ ಎಚ್ಚರಿಕೆಯ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಅದರಲ್ಲಿ ಎರಡು ಪ್ರಶ್ನೆಗಳಿದ್ದವು. ಕಾನೂನುಬಾಹಿರ ಕೆಲಸ ನಿಲ್ಲಿಸಲು ನಿಮ್ಮಿಂದ ಆಗುತ್ತದೆಯೇ? ಕೆಳಗೆ ಕೈಬರಹದಲ್ಲಿ, 'ಆಗುತ್ತದೆ'. ಹಟ ಹಿಡಿದರೆ ಶಿಕ್ಷೆಯಾಗುತ್ತದೆ, ಅರ್ಥವಾಯಿತೇ? 'ಅರ್ಥವಾಯಿತು'. ಎರಡರ ಮೇಲೂ ಕೆಂಪು ಹೆಬ್ಬೆಟ್ಟಿನ ಗುರುತು. ಫೆಬ್ರವರಿ 7ರಂದು ಅವರು ಕೋವಿಡ್‌ನಿಂದ ತೀರಿಕೊಂಡರು. ಆಮೇಲೆ ಎಷ್ಟೋ ಜನ ಬರೀ ಎರಡು ಮಾತು ಬರೆದು ಹಾಕಿದರು: 'ಆಗುವುದಿಲ್ಲ. ಅರ್ಥವಾಗಲಿಲ್ಲ.' ಕೆಲವರು ಅದನ್ನೇ ಮಾಸ್ಕಿನ ಮೇಲೆ ಬರೆದುಕೊಂಡು ಫೋಟೊ ತೆಗೆಸಿಕೊಂಡರು. ಈ ಮಾತುಗಳನ್ನು ನಿಷೇಧಿಸಿದರೆ ಜನ ದಿನನಿತ್ಯದ ಮಾತೇ ಆಡುವ ಹಾಗಿಲ್ಲ.

2022ರ ನವೆಂಬರ್‌ನಲ್ಲಿ ಮಾತೂ ಬಿಟ್ಟುಹೋಯಿತು. ಪಶ್ಚಿಮ ಚೀನಾದ ಉರುಮ್ಚಿ ನಗರದ ಒಂದು ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು 10 ಜನ ಸತ್ತರು. ಲಾಕ್‌ಡೌನ್ ಅಡೆತಡೆಗಳಿಂದಲೇ ಅವರು ಹೊರಬರಲಾಗಲಿಲ್ಲ ಎಂದು ಜನ ಸಿಟ್ಟಾದರು. ಶಾಂಘೈ, ಬೀಜಿಂಗ್, ನಾನ್‌ಜಿಂಗ್‌ಗಳಲ್ಲಿ ಯುವಕ ಯುವತಿಯರು ಖಾಲಿ ಬಿಳಿ ಎ4 ಹಾಳೆ ಹಿಡಿದು ನಿಂತರು. ಜಾಲತಾಣಗಳಲ್ಲಿ 'ಸರಿ ಸರಿ ಸರಿ', 'ಒಳ್ಳೆಯದು ಒಳ್ಳೆಯದು' ಎಂದು ಸಾಲುಗಟ್ಟಲೆ ಬರೆದರು. ನಮ್ಮಲ್ಲೂ 1975ರ ಜೂನ್ 28ರಂದು, ತುರ್ತು ಪರಿಸ್ಥಿತಿಯ ಸೆನ್ಸಾರ್ ವಿರೋಧಿಸಿ, ಇಂಡಿಯನ್ ಎಕ್ಸ್‌ಪ್ರೆಸ್ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತ್ತು. ನಮ್ಮ ಹಿರಿಯರಿಗೆ ಖಾಲಿ ಜಾಗದ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಇನ್ನು ಹೆಣ್ಣುಮಕ್ಕಳ ವಿಷಯ. ಇಲ್ಲಿ ಅವಮಾನದ ಪದವನ್ನು ಹರಡಿದ್ದು ಸರ್ಕಾರಿ ಸಂಸ್ಥೆಗಳೇ. 'ಶೆಂಗ್ ನ್ಯು' ಎಂದರೆ ಮದುವೆಯಾಗದೆ ಉಳಿದುಹೋದ ಹೆಣ್ಣು. 2007ರಲ್ಲಿ ಶಿಕ್ಷಣ ಸಚಿವಾಲಯದ ಹೊಸ ಪದಗಳ ಪಟ್ಟಿಯಲ್ಲಿ ಇದಕ್ಕೆ ಜಾಗ ಸಿಕ್ಕಿತು. ಮಹಿಳೆಯರ ಪರ ನಿಲ್ಲಬೇಕಾದ ಅಖಿಲ ಚೀನಾ ಮಹಿಳಾ ಒಕ್ಕೂಟವೇ ತನ್ನ ವೆಬ್‌ಸೈಟಿನಲ್ಲಿ ಈ ಪದ ಬಳಸಿ, ಓದಿದ ಹುಡುಗಿಯರಿಗೆ ಬುದ್ಧಿ ಹೇಳುವ ಲೇಖನಗಳನ್ನು ಹಾಕಿತು. ಇಪ್ಪತ್ತೇಳು ದಾಟಿದರೆ ಮುಗಿಯಿತು ಎಂಬ ಧಾಟಿ. ಇಂಥ ಮಾತನ್ನು ನಮ್ಮ ಮದುವೆಮನೆಗಳಲ್ಲೂ ಕೇಳಿದ್ದೇವೆ, ಆದರೆ ಅಲ್ಲಿ ಅದಕ್ಕೆ ಅಧಿಕೃತ ಮೊಹರು ಬಿತ್ತು. ಹೆಣ್ಣುಮಕ್ಕಳು ಅದೇ ಉಚ್ಚಾರ ಉಳಿಸಿಕೊಂಡು ಅಕ್ಷರ ಬದಲಿಸಿದರು. 'ಉಳಿದ' ಎಂಬುದರ ಜಾಗಕ್ಕೆ 'ಗೆದ್ದ' ಬಂತು. ಕೇಳುವುದಕ್ಕೆ ಮೊದಲಿನ ಹಾಗೇ ಇದೆ, ಬರೆದರೆ ಗೆದ್ದ ಹೆಣ್ಣು. 2013ರಲ್ಲಿ ಚೀನಾದಲ್ಲಿ 1 ಕೋಟಿ 34 ಲಕ್ಷಕ್ಕೂ ಹೆಚ್ಚು ಮದುವೆಗಳು ನೋಂದಣಿಯಾಗಿದ್ದವು. 2024ರಲ್ಲಿ ಆ ಸಂಖ್ಯೆ 61 ಲಕ್ಷದ ಆಸುಪಾಸಿಗೆ ಇಳಿಯಿತು. ಇದಕ್ಕೆ ಮನೆಯ ಬೆಲೆ, ಕೆಲಸ, ಕಡಿಮೆಯಾದ ಯುವಜನರ ಸಂಖ್ಯೆ ಎಲ್ಲವೂ ಕಾರಣ. ಆದರೆ ಹೆದರಿಸಿ ಮದುವೆ ಮಾಡಿಸುವ ಪ್ರಯತ್ನ ಸೋತಿತು ಎಂಬುದಂತೂ ಕಾಣುತ್ತಿದೆ.

2018ರ ಜನವರಿಯಲ್ಲಿ ಬೀಜಿಂಗ್‌ನ ವಿಶ್ವವಿದ್ಯಾಲಯವೊಂದರ ಹಳೆಯ ವಿದ್ಯಾರ್ಥಿನಿ ಪ್ರಾಧ್ಯಾಪಕರ ಮೇಲೆ ಲೈಂಗಿಕ ಕಿರುಕುಳದ ಆರೋಪ ಮಾಡಿದಾಗ ಅಲ್ಲಿ ಮೀ ಟೂ ಶುರುವಾಯಿತು. ಆ ಪದದ ಮೇಲೆ ತಡೆ ಬೀಳತೊಡಗಿದಾಗ ಅನ್ನದ ಬಟ್ಟಲು ಮತ್ತು ಮೊಲದ ಎಮೋಜಿಗಳು ಬಂದವು. ಚೀನೀ ಭಾಷೆಯಲ್ಲಿ ಅಕ್ಕಿ 'ಮಿ', ಮೊಲ 'ತು'. ಕಿರುಕುಳಕ್ಕೊಳಗಾದ ಹೆಣ್ಣೊಬ್ಬಳು ತನ್ನ ನೋವನ್ನು ಹೇಳಿಕೊಳ್ಳಲು ಮೊಲದ ಚಿತ್ರದ ಹಿಂದೆ ನಿಲ್ಲಬೇಕಾಯಿತು. ಇದನ್ನು ಬರೀ ತಮಾಷೆಯ ಉಪಾಯ ಎಂದು ಓದುವುದು ನನಗೆ ಆಗುವುದಿಲ್ಲ.

ಯಾವುದನ್ನು ತಡೆದರು ಎಂಬಷ್ಟೇ ಯಾವುದನ್ನು ಬಿಟ್ಟರು ಎಂಬುದೂ ಮುಖ್ಯ. 2021ರ ಮೇ 1ರಂದು, ನಮ್ಮಲ್ಲಿ ಕೋವಿಡ್ ಎರಡನೇ ಅಲೆಯಲ್ಲಿ ಸ್ಮಶಾನಗಳು ತುಂಬಿದ್ದಾಗ, ಚೀನಾ ಕಮ್ಯುನಿಸ್ಟ್ ಪಕ್ಷದ ಕಾನೂನು ವ್ಯವಹಾರಗಳ ಆಯೋಗಕ್ಕೆ ಸೇರಿದ ವೀಬೊ ಖಾತೆಯಲ್ಲಿ ಎರಡು ಚಿತ್ರಗಳು ಅಕ್ಕಪಕ್ಕ ಬಂದವು. ಒಂದು ಕಡೆ ಚೀನಾದ ರಾಕೆಟ್ ಉಡಾವಣೆ, ಇನ್ನೊಂದು ಕಡೆ ಭಾರತದ ಚಿತೆಗಳು. ಎರಡಕ್ಕೂ ಒಂದೇ ಪದ: 'ಬೆಂಕಿ ಹಚ್ಚುವುದು'. ಅದನ್ನು ಯಾವ ಫಿಲ್ಟರೂ ಹಿಡಿಯಲಿಲ್ಲ. ಅದನ್ನು ಖಂಡಿಸಿದವರಲ್ಲಿ ಚೀನೀಯರೇ ಬಹಳ ಜನ. ಸತ್ತವರನ್ನು ಹೀಗೆ ಆಡಿಕೊಳ್ಳುವುದು ತಪ್ಪು ಎಂದು ಅವರು ಬರೆದ ಮೇಲೆ ಪೋಸ್ಟ್ ತೆಗೆದರು. ಚೀನಾ ಎಂದರೆ ಒಂದೇ ದನಿ ಎಂದುಕೊಂಡಿರುವ ನಮ್ಮವರು ಈ ಘಟನೆಯ ಎರಡೂ ಬದಿ ನೆನಪಿಟ್ಟುಕೊಳ್ಳಬೇಕು.

ಈಗ ಎತ್ತಿಕೊಂಡ ಪದಗಳಿಗೆ ಬರೋಣ. 2020ರಲ್ಲಿ ಬೀಜಿಂಗ್‌ನ ಚಿಂಗ್‌ಹುವಾ ವಿಶ್ವವಿದ್ಯಾಲಯದ ಹುಡುಗನೊಬ್ಬ ರಾತ್ರಿ ಸೈಕಲ್ ತುಳಿಯುತ್ತಲೇ ಲ್ಯಾಪ್‌ಟಾಪ್ ತೆರೆದು ಕೆಲಸ ಮಾಡುವ ದೃಶ್ಯ ಹರಿದಾಡಿತು. ಅದರ ಜೊತೆ 'ನೇಯ್‌ಜುಅನ್' ಎಂಬ ಪದ ಎಲ್ಲರ ಬಾಯಿಗೆ ಬಂತು. ಒಳಕ್ಕೆ ಸುರುಳಿ ಸುತ್ತಿಕೊಳ್ಳುವುದು ಎಂದು ಅದರ ಅರ್ಥ. ಇದರ ಬೇರು ಮಾನವಶಾಸ್ತ್ರದಲ್ಲಿದೆ. 1963ರಲ್ಲಿ ಕ್ಲಿಫರ್ಡ್ ಗೀರ್ಟ್ಜ್ ಜಾವಾ ದ್ವೀಪದ ಬತ್ತದ ಬೇಸಾಯದ ಬಗ್ಗೆ ಇಂಥದ್ದನ್ನೇ ಹೇಳಿದ್ದರು: ಅದೇ ಗದ್ದೆಗೆ ಮತ್ತಷ್ಟು ಜನ, ಮತ್ತಷ್ಟು ದುಡಿಮೆ, ಆದರೆ ತಲೆಗೆ ಸಿಗುವ ಪಾಲು ಹೆಚ್ಚುವುದಿಲ್ಲ. ಪರೀಕ್ಷೆ, ಕೆಲಸ, ಮಕ್ಕಳ ಶಾಲೆ ಎಲ್ಲದರಲ್ಲೂ ಹೀಗೇ ಆಗಿದೆ ಎಂದು ಚೀನಾದ ಯುವಕರು ಗುರುತಿಸಿಕೊಂಡರು.

2021ರ ಏಪ್ರಿಲ್‌ನಲ್ಲಿ ಇದಕ್ಕೆ ಉತ್ತರ ಎಂಬಂತೆ 'ತಾಂಗ್ ಪಿಂಗ್' ಬಂತು. ಮಲಗಿಬಿಡುವುದು, ಅಂಗಾತ. ಓಡುವುದಿಲ್ಲ, ಮನೆ ಕೊಳ್ಳುವುದಿಲ್ಲ, ಬೇಕಾದಷ್ಟು ಮಾತ್ರ ದುಡಿಯುತ್ತೇನೆ. ಈ ಪದದಲ್ಲಿ ಸರ್ಕಾರದ ಟೀಕೆ ಇರಲಿಲ್ಲ. ಆದರೂ ಮೇ ತಿಂಗಳಲ್ಲಿ ಸರ್ಕಾರಿ ಪತ್ರಿಕೆ 'ನಾನ್‌ಫಾಂಗ್ ಡೈಲಿ' ಮಲಗುವುದು ನಾಚಿಕೆಗೇಡು ಎಂದು ಬರೆಯಿತು. ಅದೇ ಹೆಸರಿನ ಚರ್ಚಾಗುಂಪುಗಳು ಮುಚ್ಚಿದವು. ಅಕ್ಟೋಬರ್‌ನಲ್ಲಿ ಪಕ್ಷದ ಪತ್ರಿಕೆ 'ಚಿಯುಶಿ'ಯಲ್ಲಿ ಪ್ರಕಟವಾದ ಷಿ ಜಿನ್‌ಪಿಂಗ್ ಅವರ ಲೇಖನದಲ್ಲಿ ಎರಡೂ ಪದಗಳು ಕಾಣಿಸಿಕೊಂಡವು, ತಪ್ಪಿಸಬೇಕಾದ ಸಂಗತಿಗಳಾಗಿ.

2023ರ ಆರಂಭದ ಘಟನೆ ಇದಕ್ಕಿಂತ ನೋವಿನದು. ಚೀನಾದ ಹೆಸರಾಂತ ಲೇಖಕ ಲೂ ಷುನ್ 1919ರಲ್ಲಿ ಪ್ರಕಟಿಸಿದ ಕಥೆಯ ನಾಯಕ ಕೋಂಗ್ ಯಿಜಿಯನ್ನು ಚೀನಾದ ಮಕ್ಕಳು ಶಾಲೆಯಲ್ಲೇ ಓದಿರುತ್ತಾರೆ. ಪರೀಕ್ಷೆಯಲ್ಲಿ ಪಾಸಾಗದ ಬಡ ಪಂಡಿತ. ಹೆಂಡದಂಗಡಿಯಲ್ಲಿ ಕೂಲಿಗಳ ಜೊತೆ ನಿಂತೇ ಕುಡಿಯುತ್ತಾನೆ, ಆದರೆ ಪಂಡಿತರ ಉದ್ದ ನಿಲುವಂಗಿ ಬಿಡುವುದಿಲ್ಲ. ಕೆಲಸ ಸಿಗದ ಪದವೀಧರರು ತಮ್ಮನ್ನು ಅವನಿಗೆ ಹೋಲಿಸಿಕೊಂಡರು. ನಾವು ಕಲಿತ ವಿದ್ಯೆಯೇ ಕಳಚಲಾಗದ ನಿಲುವಂಗಿ ಎಂದು ಬರೆದುಕೊಂಡರು. ಸರ್ಕಾರಿ ಟಿವಿ ಸಂಸ್ಥೆ ಸಿಸಿಟಿವಿ ಇದಕ್ಕೆ ಉತ್ತರ ಕೊಟ್ಟಿತು: ಕೋಂಗ್ ಯಿಜಿ ಕೆಟ್ಟದ್ದು ಓದಿದ್ದರಿಂದಲ್ಲ, ಪಂಡಿತನೆಂಬ ಬಿಂಕ ಬಿಟ್ಟು ದುಡಿಯಲಾಗದ್ದರಿಂದ. ಆ ವರ್ಷ ಪದವಿ ಮುಗಿಸಿ ಹೊರಬರಲಿದ್ದವರು 1 ಕೋಟಿ 15 ಲಕ್ಷಕ್ಕೂ ಹೆಚ್ಚು. ಅವರಿಗೆ ಕೇಳಿಸಿದ್ದು, ತಪ್ಪು ನಿಮ್ಮದೇ ಎಂಬ ಮಾತು.

ಅದೇ ಜೂನ್‌ನಲ್ಲಿ ನಗರಗಳ 16ರಿಂದ 24 ವಯಸ್ಸಿನವರ ನಿರುದ್ಯೋಗ 21.3 ಶೇಕಡಕ್ಕೆ ಏರಿತು. ಆಗಸ್ಟ್‌ನಲ್ಲಿ ಆ ಅಂಕಿ ಪ್ರಕಟಿಸುವುದನ್ನೇ ನಿಲ್ಲಿಸಿದರು. 2024ರ ಜನವರಿಯಲ್ಲಿ ಮತ್ತೆ ಬಂತು, 14.9 ಶೇಕಡ ಎಂದು. ನಡುವೆ ಲೆಕ್ಕ ಬದಲಾಗಿತ್ತು, ಇನ್ನೂ ಓದುತ್ತಿರುವವರನ್ನು ಹೊರಗಿಟ್ಟಿದ್ದರು. ವಿದ್ಯಾರ್ಥಿಗಳನ್ನು ಬಿಡಬೇಕು ಎಂಬುದಕ್ಕೆ ತಜ್ಞರ ವಾದಗಳಿವೆ, ತಳ್ಳಿಹಾಕುವಂಥದ್ದಲ್ಲ. ಆದರೆ ಅಂಕಿ ಅತಿ ಕೆಟ್ಟದ್ದಾದಾಗಲೇ 'ನಿರುದ್ಯೋಗಿ' ಯಾರು ಎಂಬುದನ್ನು ಬದಲಿಸಿದರೆ, ಜನ ನಂಬುವುದಾದರೂ ಹೇಗೆ?

ಈ ಆಟಕ್ಕೆ ತೆರಬೇಕಾದ ಬೆಲೆ ಎರಡು ಥರ. ಗುಪ್ತ ಮಾತು ಹೆಚ್ಚಿದಷ್ಟೂ ಅದು ಒಳಗಿನವರಿಗೆ ಮಾತ್ರ ಉಳಿಯುತ್ತದೆ. 1989ರಲ್ಲಿ ಬೀಜಿಂಗ್‌ನ ತಿಯಾನನ್‌ಮೆನ್ ಚೌಕದ ಪ್ರತಿಭಟನಕಾರರ ಹತ್ಯಾಕಾಂಡ ನಡೆದ ಜೂನ್ 4ನ್ನು ಜನ 'ಮೇ 35' ಎಂದು ಬರೆದರು. 1989ರ ಬಗ್ಗೆ ಮೊದಲೇ ಗೊತ್ತಿದ್ದವರಿಗೆ ಅದು ಅರ್ಥವಾಗುತ್ತದೆ. ಆಮೇಲೆ ಹುಟ್ಟಿ, ಪಠ್ಯದಲ್ಲೂ ಪತ್ರಿಕೆಯಲ್ಲೂ ಅದನ್ನು ಕಾಣದ ಹುಡುಗಿಗೆ ಮೇ 35 ಎಂದರೆ ಬರೀ ತಪ್ಪು ತಾರೀಖು. ಇನ್ನೊಂದು ಬೆಲೆ ನೇರವಾದದ್ದು. ಅಳಿಸಿದ ಇಂಥ ಲೇಖನಗಳನ್ನು ಪ್ರೋಗ್ರಾಮರ್‌ಗಳು ಬಳಸುವ ಗಿಟ್‌ಹಬ್ ಜಾಲತಾಣದಲ್ಲಿ ಕೂಡಿಡುತ್ತಿದ್ದ ಬೀಜಿಂಗ್‌ನ ಇಬ್ಬರು ಯುವಕರನ್ನು 2020ರ ಏಪ್ರಿಲ್‌ನಲ್ಲಿ ಪೊಲೀಸರು ಕರೆದೊಯ್ದರು. 2021ರ ಆಗಸ್ಟ್‌ನಲ್ಲಿ ನ್ಯಾಯಾಲಯ ಅವರಿಗೆ 15 ತಿಂಗಳ ಜೈಲು ವಿಧಿಸಿತು. ಆರೋಪ, ಜಗಳ ಹುಟ್ಟುಹಾಕಿ ತೊಂದರೆ ಕೊಟ್ಟದ್ದು.

ಇಷ್ಟರಲ್ಲಿ ನೇಯ್‌ಜುಅನ್ ಎಲ್ಲಿಗೆ ಹೋಯಿತು ನೋಡಿ. 2024ರ ಜುಲೈನಲ್ಲಿ ಪಕ್ಷದ ಪಾಲಿಟ್‌ಬ್ಯೂರೊ 'ನೇಯ್‌ಜುಅನ್ ಥರದ ಸ್ಪರ್ಧೆ' ತಡೆಯಬೇಕು ಎಂದಿತು. 2025ರ ಮಾರ್ಚ್‌ನ ಸರ್ಕಾರಿ ವರದಿಯಲ್ಲೂ ಅದು ಬಂತು. ಇಲ್ಲಿ ಅದರ ಅರ್ಥ ಕಂಪನಿಗಳ ಬೆಲೆಯುದ್ಧ. ಎಲೆಕ್ಟ್ರಿಕ್ ಕಾರು, ಸೋಲಾರ್ ಫಲಕ ಮಾಡುವವರು ನಷ್ಟಕ್ಕೆ ಮಾರಿ ಒಬ್ಬರನ್ನೊಬ್ಬರು ಮುಳುಗಿಸುವುದನ್ನು ನಿಲ್ಲಿಸಬೇಕು ಎಂಬುದು ಸರ್ಕಾರದ ಕಾಳಜಿ. ಕಾಳಜಿ ನಿಜವಾದದ್ದೇ. ಕೆಲವು ಕಡೆ ನೌಕರರಿಗೂ ಅನುಕೂಲವಾಯಿತು. ಮಿಡಿಯಾ (Midea) ಎಂಬ ಗೃಹೋಪಯೋಗಿ ವಸ್ತುಗಳ ಕಂಪನಿ ಸಂಜೆ 6.20ಕ್ಕೆ ಕೆಲಸ ಬಿಡಬೇಕೆಂದಿತು. ಡ್ರೋನ್ ಕಂಪನಿ ಡಿಜೆಐ ರಾತ್ರಿ 9ಕ್ಕೆ ಕಚೇರಿ ಖಾಲಿ ಮಾಡಿಸತೊಡಗಿತು. ಒಂಬತ್ತಕ್ಕೆ ಮನೆಗೆ ಹೋಗುವುದೂ ಸುದ್ದಿಯಾಯಿತು ಎಂದರೆ ಅದಕ್ಕೂ ಮುಂಚೆ ಹೇಗಿತ್ತು ಎಂದು ಊಹಿಸಬಹುದು.

ಆದರೆ 2020ರಲ್ಲಿ ಯುವಕರು ಆ ಪದದಲ್ಲಿ ಕೇಳಿದ್ದ ಪ್ರಶ್ನೆ ಇದಾಗಿರಲಿಲ್ಲ. ಇಷ್ಟು ದುಡಿದೂ ನಮ್ಮ ಪಾಲು ಯಾಕೆ ಹೆಚ್ಚುವುದಿಲ್ಲ ಎಂದು ಕೇಳಿದ್ದರು ಅವರು. 2025ರ ಸೆಪ್ಟೆಂಬರ್‌ನಲ್ಲಿ ಸೈಬರ್ ಆಡಳಿತ ಎರಡು ತಿಂಗಳ ಇನ್ನೊಂದು ಅಭಿಯಾನ ಘೋಷಿಸಿತು, ಅಂತರ್ಜಾಲದಲ್ಲಿ 'ನಕಾರಾತ್ಮಕ ಭಾವನೆ' ಕೆರಳಿಸುವವರ ವಿರುದ್ಧ. ದುಡಿದು ಪ್ರಯೋಜನವಿಲ್ಲ, ಓದಿ ಪ್ರಯೋಜನವಿಲ್ಲ ಎಂಬ ಮಾತುಗಳನ್ನು ಹರಡುವುದೂ ಅದರಡಿ ಬರುತ್ತದೆ. ಬೆಲೆಯುದ್ಧದಲ್ಲಿ ಬಳಲಿದ ಕಂಪನಿ ನೇಯ್‌ಜುಅನ್ ಎನ್ನಬಹುದು. ಪರೀಕ್ಷೆ, ಸಂದರ್ಶನ, ಓವರ್‌ಟೈಮ್‌ಗಳಲ್ಲಿ ಬಳಲಿದ ಹುಡುಗ ಅದನ್ನೇ ತುಸು ಬೇಸರದಿಂದ ಬರೆದರೆ, ಅವನ ಬರಹ ಉಳಿಯುತ್ತದೋ ಇಲ್ಲವೋ ಎಂಬುದು ಆ ವಾರದ ಪಟ್ಟಿಗೆ ಬಿಟ್ಟದ್ದು.